‘ಸಂಘದ ಸಾಲ ಮನ್ನಾ ಆಯ್ತಂತೆ, ಹೌದಾ?’: ಕಿರುಸಾಲದ ಕಾನೂನು ಯಾರನ್ನು ಹಿಡಿಯುತ್ತೆ, ಯಾರನ್ನು ಬಿಡುತ್ತೆ

2025ರ ಫೆಬ್ರವರಿಯಿಂದ ಈಚೆಗೆ ಹೊಸದುರ್ಗ, ಹೊಳಲ್ಕೆರೆ ಕಡೆ ಹೋದಾಗಲೆಲ್ಲ ನನಗೆ ಎದುರಾಗುವ ಪ್ರಶ್ನೆ ಒಂದೇ. ‘ಸಂಘದ ಸಾಲ ಮನ್ನಾ ಆಯ್ತಂತೆ, ಹೌದೇನಣ್ಣ?’ ಕೇಳೋರು ಹೆಚ್ಚಾಗಿ ಹೆಣ್ಣುಮಕ್ಕಳು. ಹೌದು ಅಂದರೂ ತಪ್ಪಾಗುತ್ತೆ, ಇಲ್ಲ ಅಂದರೂ ತಪ್ಪಾಗುತ್ತೆ. ಅದಕ್ಕೇ ನಾನು ತಿರುಗಿ ಕೇಳ್ತೀನಿ: ‘ಅಕ್ಕ, ಸಾಲ ಕೊಟ್ಟೋರು ಯಾರು?’ ಬಹಳ ಸಲ ಸಿಗುವ ಉತ್ತರ ‘ಸೋಮವಾರದ ಸಂಘ’, ‘ಗುರುವಾರದ ಸಂಘ’. ಕಂತು ಕಟ್ಟುವ ವಾರವೇ ಸಾಲ ಕೊಟ್ಟವರ ಹೆಸರಾಗಿಬಿಟ್ಟಿದೆ. ಸರ್ಕಾರದ ಸ್ತ್ರೀಶಕ್ತಿಯೂ ಸಂಘ, ಸಂಜೀವಿನಿಯೂ ಸಂಘ, ಖಾಸಗಿ ಫೈನಾನ್ಸ್ ಕಂಪನಿ ಕಟ್ಟಿಸಿದ ಗುಂಪೂ ಸಂಘ.

ಕಾನೂನು ಮಾತ್ರ ಪೂರ್ತಿ ಆ ಹೆಸರಿನ ಮೇಲೇ ನಿಂತಿದೆ. ಯಾರು ಕೊಟ್ಟರು ಅನ್ನೋದು ಗೊತ್ತಾಗದೆ ಸಾಲ ತೀರಿತೋ ಉಳಿಯಿತೋ ಹೇಳೋಕೆ ಆಗಲ್ಲ.

ಹಿನ್ನೆಲೆ ನೆನಪಿರಬಹುದು. 2025ರ ಜನವರಿಯಲ್ಲಿ ರಾಮನಗರ, ಮೈಸೂರು, ಚಾಮರಾಜನಗರ, ಹಾವೇರಿ ಕಡೆಗಳಿಂದ ಒಂದರ ಹಿಂದೊಂದು ಸುದ್ದಿ ಬಂತು. ವಸೂಲಿಯವರ ಕಿರುಕುಳಕ್ಕೆ ಜೀವ ಬಿಟ್ಟವರು, ಮನೆಗೆ ಬೀಗ ಹಾಕಿ ಊರು ಬಿಟ್ಟವರು. ಹಾವೇರಿ ಜಿಲ್ಲೆಯ ಮಹಿಳೆಯರು ಮುಖ್ಯಮಂತ್ರಿಗೆ ಮಾಂಗಲ್ಯಸರ ಕಳಿಸುವ ಚಳವಳಿಗೇ ಇಳಿದರು. ಸಿದ್ದರಾಮಯ್ಯ ಸರ್ಕಾರ ತರಾತುರಿಯಲ್ಲಿ ಸುಗ್ರೀವಾಜ್ಞೆ ಸಿದ್ಧ ಮಾಡಿ ರಾಜಭವನಕ್ಕೆ ಕಳಿಸಿತು. ಕೊಡುವ ಸಾಲವೇ ಹೆಚ್ಚೆಂದರೆ 3 ಲಕ್ಷ, ಅದಕ್ಕೆ 10 ವರ್ಷ ಜೈಲು, 5 ಲಕ್ಷ ದಂಡ ಅತಿಯಾಯಿತು ಅಂತ ರಾಜ್ಯಪಾಲ ಥಾವರ್‌ಚಂದ್ ಗೆಹ್ಲೋಟ್ ಅದನ್ನು ಫೆಬ್ರವರಿ 7ರಂದು ವಾಪಸ್ ಕಳಿಸಿದರು. ಸರ್ಕಾರ ಮತ್ತೆ ಕಳಿಸಿದ ಮೇಲೆ ಫೆಬ್ರವರಿ 12ಕ್ಕೆ ಸಹಿ ಬಿತ್ತು. ಮಾರ್ಚ್‌ನಲ್ಲಿ ಮಸೂದೆಯಾಗಿ ವಿಧಾನಮಂಡಲದಲ್ಲಿ ಪಾಸಾಯಿತು. ಹೆಸರು ಉದ್ದ: ಕರ್ನಾಟಕ ಕಿರು ಸಾಲ ಮತ್ತು ಸಣ್ಣ ಸಾಲ (ಬಲವಂತದ ಕ್ರಮಗಳ ಪ್ರತಿಬಂಧಕ) ಕಾನೂನು.

ಓದಿದರೆ ಗಟ್ಟಿಯಾಗೇ ಇದೆ. ಸಾಲ ಕೊಡುವ ಸಂಸ್ಥೆ ಜಿಲ್ಲಾಧಿಕಾರಿ ಬಳಿ ನೋಂದಣಿ ಮಾಡಿಸಬೇಕು. ಬಡ್ಡಿ ಎಷ್ಟು ಅಂತ ಮೊದಲೇ ಹೇಳಬೇಕು. ಅಡಮಾನ ಇಟ್ಟುಕೊಳ್ಳುವಂತಿಲ್ಲ. ಸಾಲಗಾರರನ್ನಾಗಲಿ ಅವರ ಮನೆಯವರನ್ನಾಗಲಿ ಹೆದರಿಸೋದು, ಬೈಯೋದು, ಹಿಂಬಾಲಿಸೋದು, ವಸೂಲಿಗೆ ರೌಡಿಗಳನ್ನು ಕಳಿಸೋದು, ಸರ್ಕಾರಿ ಸೌಲಭ್ಯದ ದಾಖಲೆ ಕಿತ್ತುಕೊಳ್ಳೋದು, ಎಲ್ಲವೂ ಅಪರಾಧ. ದೂರು ಕೊಟ್ಟರೆ ಪೊಲೀಸರು ಇಲ್ಲ ಅನ್ನುವಂತಿಲ್ಲ. ಡಿವೈಎಸ್‌ಪಿ ದರ್ಜೆಯ ಅಧಿಕಾರಿ ತಾನಾಗಿಯೇ ಕೇಸು ಹಾಕಬಹುದು. ಎಲ್ಲಕ್ಕಿಂತ ದೊಡ್ಡ ಮಾತು: ನೋಂದಣಿ, ಲೈಸೆನ್ಸ್ ಇಲ್ಲದವರು ದುರ್ಬಲ ವರ್ಗದವರಿಗೆ ಕೊಟ್ಟ ಸಾಲ ಬಡ್ಡಿಸಮೇತ ತೀರಿತು ಅಂತಲೇ ಲೆಕ್ಕ. ಅದರ ವಸೂಲಿಗೆ ಸಿವಿಲ್ ಕೋರ್ಟಿಗೂ ಹೋಗುವಂತಿಲ್ಲ.

‘ಮನ್ನಾ ಆಯ್ತಂತೆ’ ಅನ್ನುವ ಸುದ್ದಿ ಹುಟ್ಟಿದ್ದು ಈ ಕೊನೆಯ ಮಾತಿನಿಂದ. ಆದರೆ ಇದೇ ಕಾನೂನಿನಲ್ಲಿ ಇನ್ನೊಂದು ಮಾತಿದೆ, ಅದು ಹಳ್ಳಿ ತಲುಪಲೇ ಇಲ್ಲ. ರಿಸರ್ವ್ ಬ್ಯಾಂಕಿನಲ್ಲಿ ನೋಂದಣಿಯಾದ ಬ್ಯಾಂಕುಗಳಿಗೆ, ಬ್ಯಾಂಕೇತರ ಹಣಕಾಸು ಕಂಪನಿಗಳಿಗೆ ಇದು ಅನ್ವಯಿಸಲ್ಲ. ಸೋಮವಾರ, ಗುರುವಾರ ಬೈಕಿನಲ್ಲಿ ಬ್ಯಾಗು ಹಾಕಿಕೊಂಡು ಬರುವ ಹುಡುಗರ ಕಂಪನಿಗಳಲ್ಲಿ ದೊಡ್ಡವು ಬಹುತೇಕ ಇದೇ ಗುಂಪಿನವು. ಅಂದರೆ ಆ ಸಾಲ ಮನ್ನಾ ಆಗಿಲ್ಲ. ಗಾಳಿಸುದ್ದಿ ನಂಬಿ ಕಂತು ನಿಲ್ಲಿಸಿದರೆ ಕ್ರೆಡಿಟ್ ಬ್ಯೂರೋದಲ್ಲಿ ಹೆಸರು ಕೆಡುತ್ತೆ, ನಾಳೆ ಬೆಳೆಸಾಲಕ್ಕೆ ಬ್ಯಾಂಕಿಗೆ ಹೋದರೆ ಮ್ಯಾನೇಜರ್ ತಲೆ ಅಲ್ಲಾಡಿಸ್ತಾರೆ.

ರಾಜ್ಯ ಸರ್ಕಾರ ಯಾಕೆ ಇವರನ್ನು ಬಿಟ್ಟಿತು? ಉದಾರತೆಯಿಂದ ಅಲ್ಲ. ಸಂವಿಧಾನದಲ್ಲಿ ಲೇವಾದೇವಿ ಮತ್ತು ಕೃಷಿ ಸಾಲದ ಪರಿಹಾರ ರಾಜ್ಯಪಟ್ಟಿಯಲ್ಲಿದೆ, ಬ್ಯಾಂಕಿಂಗ್ ಕೇಂದ್ರಪಟ್ಟಿಯಲ್ಲಿದೆ. ದೇವರಾಜ ಅರಸು ಕಾಲದ 1976ರ ಋಣ ಪರಿಹಾರ ಕಾಯ್ದೆ, ಆಮೇಲೆ 2018ರ ಋಣ ಪರಿಹಾರ ಕಾಯ್ದೆ, ಇವೆಲ್ಲ ಖಾಸಗಿ ಲೇವಾದೇವಿದಾರರನ್ನು ಗುರಿ ಮಾಡಿದ್ದು ಅದಕ್ಕೇ. ನಮ್ಮ ಜಿಲ್ಲೆಯ ಗಡಿಯಾಚೆಗಿನ ಆಂಧ್ರ 2010ರಲ್ಲಿ ಮೈಕ್ರೋಫೈನಾನ್ಸ್ ಕಂಪನಿಗಳಿಗೇ ನೇರವಾಗಿ ಕಡಿವಾಣ ಹಾಕೋಕೆ ಹೋಯಿತು. ವಸೂಲಿ ನೆಲಕಚ್ಚಿತು, ಕಂಪನಿಗಳು ಅಲ್ಲಿಂದ ಕಾಲು ಕಿತ್ತವು, ಹೊಸ ಸಾಲ ನಿಂತಿತು. ಆಮೇಲೆ 2022ರ ಮೇನಲ್ಲಿ ಸುಪ್ರೀಂ ಕೋರ್ಟ್ ನೆಡುಂಪಿಳ್ಳಿ ಫೈನಾನ್ಸ್ ಪ್ರಕರಣದಲ್ಲಿ, ರಿಸರ್ವ್ ಬ್ಯಾಂಕಿನ ನಿಯಂತ್ರಣದಲ್ಲಿರುವ ಕಂಪನಿಗಳ ಮೇಲೆ ರಾಜ್ಯದ ಲೇವಾದೇವಿ ಕಾನೂನು ನಡೆಯಲ್ಲ ಅಂದುಬಿಟ್ಟಿತು. 2023ರಲ್ಲಿ ತೆಲಂಗಾಣ ಹೈಕೋರ್ಟ್ ಅದೇ ತೀರ್ಪನ್ನು ಹಿಡಿದು ಆಂಧ್ರದ ಕಾನೂನಿಗೂ ಅದೇ ಮಾತು ಹೇಳಿತು. ಕರ್ನಾಟಕ ಬೇರೆ ದಾರಿ ಹಿಡಿದಿದ್ದರೆ ಕೋರ್ಟಿನಲ್ಲಿ ಬಹಳ ದಿನ ನಿಲ್ಲುತ್ತಿರಲಿಲ್ಲ. ಸರ್ಕಾರ ಇದನ್ನು ಜನಕ್ಕೆ ಬಿಡಿಸಿ ಹೇಳದೆ ‘ಕಠಿಣ ಕಾನೂನು ತಂದಿದ್ದೇವೆ’ ಅಂತ ಪ್ರಚಾರ ಮಾಡಿತಲ್ಲ, ನನ್ನ ತಕರಾರು ಇರೋದು ಅಲ್ಲಿ.

ಹಾಗಾದರೆ ಸೋಮವಾರದ ಸಂಘದ ಎದುರು ಆ ಅಕ್ಕನಿಗೆ ಏನೂ ಇಲ್ಲವಾ? ಇದೆ. ಆದರೆ ಅದು ಬೆಂಗಳೂರಿನ ಕಾನೂನಲ್ಲ, 2022ರ ಏಪ್ರಿಲ್ 1ರಿಂದ ಜಾರಿಗೆ ಬಂದ ರಿಸರ್ವ್ ಬ್ಯಾಂಕಿನ ನಿಯಮ. ವರ್ಷಕ್ಕೆ 3 ಲಕ್ಷದೊಳಗೆ ಆದಾಯ ಇರುವ ಕುಟುಂಬಕ್ಕೆ ಕೊಡುವ ಕಿರುಸಾಲಕ್ಕೆ ಅಡಮಾನ ಇಟ್ಟುಕೊಳ್ಳುವಂತಿಲ್ಲ. ವಸೂಲಿ ಇಬ್ಬರೂ ಒಪ್ಪಿದ ಜಾಗದಲ್ಲೇ ಆಗಬೇಕು. ಸಾಲಗಾರರು ಎರಡು ಸಲ ಅಥವಾ ಹೆಚ್ಚು ಸಲ ಸತತವಾಗಿ ಬರದಿದ್ದರೆ ಮಾತ್ರ ಮನೆಗೆ ಬರಬಹುದು. ಬೆಳಿಗ್ಗೆ 9ಕ್ಕೆ ಮುಂಚೆ, ಸಂಜೆ 6ರ ನಂತರ ಫೋನ್ ಮಾಡುವಂತಿಲ್ಲ. ನೆಂಟರಿಗೆ, ಸ್ನೇಹಿತರಿಗೆ, ಜೊತೆ ಕೆಲಸ ಮಾಡುವವರಿಗೆ ಕಾಟ ಕೊಡುವಂತಿಲ್ಲ. ಬಾಕಿಯವರ ಹೆಸರು ಬಯಲು ಮಾಡುವಂತಿಲ್ಲ. ಒಂದು ಕುಟುಂಬ ಎಲ್ಲಾ ಸಾಲಕ್ಕೂ ಸೇರಿ ತಿಂಗಳಿಗೆ ಕಟ್ಟುವ ಮೊತ್ತ ತಿಂಗಳ ಆದಾಯದ ಅರ್ಧ ದಾಟಬಾರದು. ಮನೆಯ ಆದಾಯ 12,000 ಇದ್ದರೆ ಎಲ್ಲಾ ಕಂತೂ ಸೇರಿ 6,000. ಇದು ಸಾಲ ಕೊಡುವಾಗಲೇ ಕಂಪನಿ ನೋಡಬೇಕಾದ ಲೆಕ್ಕ. ಒಂದೇ ಮನೆಯಲ್ಲಿ ವಾರಕ್ಕೆ ನಾಲ್ಕು ಸಂಘ ಕಟ್ಟುತ್ತಾರೆ ಅಂದರೆ, ಆ ಲೆಕ್ಕ ಮಾಡದೆ ಅಥವಾ ಆದಾಯ ಹೆಚ್ಚು ಬರೆದು ಸಾಲ ಕೊಟ್ಟವರೂ ಅದರಲ್ಲಿ ಪಾಲುದಾರರೇ.

ಈ ನಿಯಮದಲ್ಲಿ ಇನ್ನೂ ಒಂದು ಅಂಶವಿದೆ, ನಮ್ಮ ಜಿಲ್ಲೆಗೆ ಅಳತೆ ತೆಗೆದು ಹೊಲಿಸಿದ ಹಾಗೆ. ಕಂತು ವಾರಕ್ಕೋ ತಿಂಗಳಿಗೋ ಅನ್ನೋದನ್ನು ಸಾಲಗಾರರ ಅಗತ್ಯಕ್ಕೆ ತಕ್ಕಂತೆ ಹೊಂದಿಸಿಕೊಳ್ಳುವ ನೀತಿ ಪ್ರತಿ ಕಂಪನಿಗೂ ಇರಬೇಕು. ಚಿತ್ರದುರ್ಗದ ಬದುಕು ಯೋಚಿಸಿ. ವಾಣಿವಿಲಾಸ ಸಾಗರದ ನಾಲೆ ನೀರು ಸಿಗೋದು ಹಿರಿಯೂರು ಕಡೆಯ ಒಂದಷ್ಟು ಊರಿಗೆ. ಉಳಿದ ಕಡೆ ಮಳೆ, ಇಲ್ಲವೇ ಬೋರು. ಮೆಕ್ಕೆಜೋಳ, ಶೇಂಗಾ, ಈರುಳ್ಳಿ ದುಡ್ಡಾಗೋದು ಕೊಯ್ಲಾದ ಮೇಲೆ. ಹೊಳಲ್ಕೆರೆ ಅಡಿಕೆ ಮನೆಗೆ ದುಡ್ಡು ಬರೋದು ಕೇಣಿ ಕೊಟ್ಟಾಗಲೋ ಅಡಿಕೆ ಮಾರಿದಾಗಲೋ. ಹೊಸದುರ್ಗದ ತೆಂಗಿನ ತೋಟದವರಿಗೆ ಕೊಬ್ಬರಿ ರೇಟು ಬಂದಾಗ. ಸಾಲದ ಕಂತು ಮಾತ್ರ ಬಿತ್ತನೆಯ ವಾರವೂ ಬರುತ್ತೆ, ಈರುಳ್ಳಿ ಕೊಳೆತ ವಾರವೂ ಬರುತ್ತೆ. ನಡುವಿನ ಅಂತರ ತುಂಬೋದು ಹೆಂಗಸರ ಕೂಲಿ. ಕೂಲಿ ಸಿಗದ ವಾರ ಇನ್ನೊಂದು ಸಂಘದಿಂದ ಸಾಲ, ಅದೂ ಆಗದಿದ್ದರೆ ಊರಿನ ಬಡ್ಡಿಯವರು. ಸುಗ್ಗಿಗೆ ಹೊಂದಿಸಿದ ಕಂತು ಕೇಳುವ ಹಕ್ಕು ಕಾಗದದಲ್ಲಿದೆ. ಅದನ್ನು ಕೇಳಿ ಪಡೆದವರು ನನಗೆ ಇನ್ನೂ ಸಿಕ್ಕಿಲ್ಲ.

ಬಡ್ಡಿ ವಿಷಯದಲ್ಲಿ ರಿಸರ್ವ್ ಬ್ಯಾಂಕ್ ಕೈ ಬಿಗಿ ಹಿಡಿದಿಲ್ಲ. ಮೊದಲಿದ್ದ ಮಿತಿಯನ್ನು 2022ರಲ್ಲಿ ತೆಗೆದುಹಾಕಿ, ಅತಿಯಾಗಬಾರದು ಅಂತಷ್ಟೇ ಹೇಳಿದೆ. ಈಗ ಕಂಪನಿಗಳು ವರ್ಷಕ್ಕೆ ಶೇಕಡಾ 20ರ ಮೇಲೆ ತಗೊಳ್ಳೋದು ಸಾಮಾನ್ಯ.

ಊರಿನ ಬಡ್ಡಿಯವರು ಬೇರೆ ಜಾತಿಯ ಸಾಲ. ಇಲ್ಲಿ ರಾಜ್ಯದ ಕಾನೂನಿಗೆ ನಿಜವಾದ ಹಲ್ಲಿದೆ. 1961ರ ಲೇವಾದೇವಿದಾರರ ಕಾಯ್ದೆ ಪ್ರಕಾರ ಲೈಸೆನ್ಸ್ ಬೇಕು. ಸರ್ಕಾರ ನಿಗದಿ ಮಾಡಿದ ಬಡ್ಡಿ ಅಡಮಾನ ಇದ್ದರೆ ವರ್ಷಕ್ಕೆ ಶೇಕಡಾ 14, ಇಲ್ಲದಿದ್ದರೆ 16. ಅದನ್ನು ಮೀರಿದರೆ 2004ರ ಮಿತಿಮೀರಿದ ಬಡ್ಡಿ ನಿಷೇಧ ಕಾಯ್ದೆ ಅಡಿ ಅಪರಾಧ. ಈಗ ದಿನದ ವಸೂಲಿಯ ಲೆಕ್ಕ ನೋಡಿ. ಹತ್ತು ಸಾವಿರ ಸಾಲ ಅಂತಾರೆ, ಒಂದು ಸಾವಿರ ಮುರಿದುಕೊಂಡು ಒಂಬತ್ತು ಸಾವಿರ ಕೈಗೆ ಕೊಡ್ತಾರೆ. ದಿನಕ್ಕೆ ನೂರರಂತೆ ನೂರು ದಿನ ವಸೂಲಿ. ಕೇಳೋಕೆ ಶೇಕಡಾ 10 ಅನ್ನಿಸುತ್ತೆ. ಆದರೆ ಅಸಲು ದಿನದಿನಕ್ಕೆ ಕರಗುತ್ತಾ ಹೋಗುತ್ತೆ, ಅವಧಿ ಮೂರು ತಿಂಗಳು ಚಿಲ್ಲರೆ. ವರ್ಷದ ಲೆಕ್ಕಕ್ಕೆ ತಂದರೆ ಶೇಕಡಾ 80ರ ಹತ್ತಿರ ಬರುತ್ತೆ. ನೂರಕ್ಕೆ ಐದು ರೂಪಾಯಿ ಅಂದರೆ ವರ್ಷಕ್ಕೆ 60, ಹತ್ತು ರೂಪಾಯಿ ಅಂದರೆ 120. ಕೊಟ್ಟವರಿಗೆ ಲೈಸೆನ್ಸ್, ನೋಂದಣಿ ಎರಡೂ ಇಲ್ಲದಿದ್ದರೆ ‘ಸಾಲ ತೀರಿತು’ ಅನ್ನುವ ಹೊಸ ಕಾನೂನಿನ ಮಾತು ಕೆಲಸಕ್ಕೆ ಬರೋದು ಇಲ್ಲೇ. ತೊಡಕು ಏನಂದರೆ ಇಲ್ಲಿ ಚೀಟಿ, ರಸೀದಿ ಇರಲ್ಲ. ಖಾಲಿ ಚೆಕ್ಕು, ಸಹಿ ಹಾಕಿದ ಖಾಲಿ ಬಾಂಡು ಮಾತ್ರ ಅವರ ಹತ್ತಿರ ಇರುತ್ತೆ. ಬಡ್ಡಿಯವರು ಅದೇ ಬೀದಿಯವರು, ಕೆಲವೊಮ್ಮೆ ಪಂಚಾಯ್ತಿಯಲ್ಲೂ ಪ್ರಭಾವ ಇರೋರು. ಅಂಥವರ ಮೇಲೆ ದೂರು ಕೊಟ್ಟು ಅದೇ ಬೀದಿಯಲ್ಲಿ ಬಾಳೋದು ಸುಲಭ ಅಲ್ಲ. ಡಿವೈಎಸ್‌ಪಿ ತಾನಾಗಿಯೇ ಕೇಸು ಹಾಕಬಹುದು ಅನ್ನುವ ಅಧಿಕಾರ ಯಾಕೆ ಮುಖ್ಯ ಅನ್ನೋದು ಇಲ್ಲಿ ಗೊತ್ತಾಗುತ್ತೆ.

ಮೂರನೆಯದು ನಿಮ್ಮ ಮೊಬೈಲಿನಲ್ಲಿದೆ. ಹೆಂಗಸರ ಸಾಲ ಸಂಘದಲ್ಲಿದ್ದರೆ ನಮ್ಮ ಹುಡುಗರ ಸಾಲ ಆ್ಯಪಿನಲ್ಲಿದೆ. ಸಂಬಳಕ್ಕೆ ಹತ್ತು ದಿನ ಮೊದಲು ಐದು ಸಾವಿರ. ರಿಸರ್ವ್ ಬ್ಯಾಂಕ್ ನಿಯಮದಂತೆ ಸಾಲ ಕೊಡುವ ಆ್ಯಪ್ ನಿಮ್ಮ ಕಾಂಟ್ಯಾಕ್ಟ್ ಪಟ್ಟಿ, ಕಾಲ್ ಲಾಗ್, ಫೋಟೋ ಮುಟ್ಟುವಂತಿಲ್ಲ. ಹಣ ನೇರ ನಿಮ್ಮ ಖಾತೆಗೆ ಬರಬೇಕು. ಹಿಂದೆ ಯಾವ ಬ್ಯಾಂಕು ಅಥವಾ ಕಂಪನಿ ಇದೆ ಅಂತ ಹೇಳಬೇಕು. ಮನಸ್ಸು ಬದಲಾದರೆ ಕನಿಷ್ಠ ಒಂದು ದಿನದೊಳಗೆ ದಂಡವಿಲ್ಲದೆ ಅಸಲು, ಆ ದಿನದ ಬಡ್ಡಿ ಕಟ್ಟಿ ಹೊರಬರಬಹುದು. ಕಂಪನಿಗಳು ವರದಿ ಮಾಡಿದ ಆ್ಯಪ್‌ಗಳ ಪಟ್ಟಿ 2025ರ ಜುಲೈನಿಂದ ರಿಸರ್ವ್ ಬ್ಯಾಂಕ್ ವೆಬ್‌ಸೈಟಿನಲ್ಲಿದೆ. ಪಟ್ಟಿಯಲ್ಲಿ ಇಲ್ಲದ್ದು ಕಾಂಟ್ಯಾಕ್ಟ್ ಕೇಳಿದರೆ ಇನ್‌ಸ್ಟಾಲ್ ಮಾಡಬೇಡಿ. ಫೋಟೋ ತಿರುಚಿ ಕಳಿಸ್ತೀವಿ ಅಂತ ಬೆದರಿಸಿದರೆ ಸೈಬರ್ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.

ಒಂದು ಮಾತು ಮೂರಕ್ಕೂ ಅನ್ವಯ. ಬೆದರಿಕೆ, ಅತಿಕ್ರಮ ಪ್ರವೇಶ, ಸುಲಿಗೆ, ಆತ್ಮಹತ್ಯೆಗೆ ಪ್ರಚೋದನೆ, ಇವು ಭಾರತೀಯ ನ್ಯಾಯ ಸಂಹಿತೆಯಲ್ಲೇ ಅಪರಾಧ. ಸಾಲ ಕೊಟ್ಟವರು ರಿಸರ್ವ್ ಬ್ಯಾಂಕಿನಲ್ಲಿ ನೋಂದಣಿ ಆಗಿದ್ದರೂ ವಸೂಲಿಯವನಿಗೆ ವಿನಾಯಿತಿ ಇಲ್ಲ. ಠಾಣೆಯಲ್ಲಿ ‘ಅದು ಆರ್‌ಬಿಐ ಕಂಪನಿ, ನಮಗೆ ಬರಲ್ಲ’ ಅಂದರೆ ಈ ಮಾತು ಹೇಳಿ, ದೂರಿನ ಸ್ವೀಕೃತಿ ಕೇಳಿ ತಗೊಳ್ಳಿ.

ಚಿತ್ರದುರ್ಗದ ಓದುಗರು, ಅದರಲ್ಲೂ ಸಂಘಟನೆಗಳಲ್ಲಿ ಓಡಾಡುವವರು, ಮಾಡಬಹುದಾದ ಕೆಲಸ ಒಂದಿದೆ. ಆರೂ ತಾಲ್ಲೂಕಿಗೆ ನೋಂದಣಿ ಪ್ರಾಧಿಕಾರ ಒಬ್ಬರೇ, ಜಿಲ್ಲಾಧಿಕಾರಿ. ಜಿಲ್ಲೆಯಲ್ಲಿ ನೋಂದಣಿಯಾದ ಸಂಸ್ಥೆಗಳು ಯಾವುವು, ಇಲ್ಲಿ ವ್ಯವಹಾರ ಮಾಡುವ ರಿಸರ್ವ್ ಬ್ಯಾಂಕ್ ಕಂಪನಿಗಳು ಯಾವುವು, ಅವುಗಳ ಬಡ್ಡಿ ಎಷ್ಟು, ದೂರು ಯಾರಿಗೆ, ಈ ನಾಲ್ಕು ಕಾಲಂ ಇರುವ ಪಟ್ಟಿಯನ್ನು ಪ್ರತಿ ಗ್ರಾಮ ಪಂಚಾಯ್ತಿ ಗೋಡೆಗೆ ಹಾಕಿಸಿ ಅಂತ ಅರ್ಜಿ ಕೊಡಿ. ಕೊಡದಿದ್ದರೆ ಮಾಹಿತಿ ಹಕ್ಕಿನಲ್ಲಿ ಕೇಳಿ. ಅಲ್ಲಿಯವರೆಗೆ ಮನೆಯಲ್ಲಿ ಅಮ್ಮನ ಲೋನ್ ಕಾರ್ಡ್ ತೆಗೆದು ಮೇಲಿರುವ ಕಂಪನಿಯ ಪೂರ್ತಿ ಹೆಸರು ಓದಿ. ತೊಂದರೆ ಇದ್ದರೆ ಮೊದಲು ಕಂಪನಿಗೇ ಬರವಣಿಗೆಯಲ್ಲಿ ದೂರು ಕೊಡಿ. 30 ದಿನದಲ್ಲಿ ಉತ್ತರ ಬರದಿದ್ದರೆ ಅಥವಾ ಬಂದ ಉತ್ತರ ಸರಿ ಅನ್ನಿಸದಿದ್ದರೆ ರಿಸರ್ವ್ ಬ್ಯಾಂಕ್ ಓಂಬುಡ್ಸ್‌ಮನ್‌ಗೆ ಹೋಗಬಹುದು. ಮಾಹಿತಿಗೆ ಫೋನ್ ನಂಬರ್ 14448.