ಪಟ್ಟಿ ಒಂದೇ, ಫಲ ಬೇರೆ

ಶ್ರೀರಂಗಪಟ್ಟಣ ತಾಲ್ಲೂಕಿನ ಬೆಳವಾಡಿ, ನಾಗಮಂಗಲದ ಬಿ.ಜಿ. ನಗರ, ಕೆ.ಆರ್. ಪೇಟೆ: ಈ ಮೂರು ಕಡೆಯೂ ಎಂಜಿನಿಯರಿಂಗ್ ಕಾಲೇಜುಗಳಿವೆ. ಅಲ್ಲಿ ಪೈಥಾನ್‌ನಲ್ಲಿ ಪ್ರಾಜೆಕ್ಟ್ ಮಾಡುವ ಮಕ್ಕಳು ಮೊದಲು ಎಡವುವುದು ಇನ್‌ಸ್ಟಾಲ್‌ನಲ್ಲೇ. ಲ್ಯಾಬಿನಲ್ಲಿ ಓಡಿದ್ದು ಪಾಂಡವಪುರದ ಮನೆಯ ಲ್ಯಾಪ್‌ಟಾಪಿನಲ್ಲಿ ಓಡುವುದಿಲ್ಲ. ಬೇಕಾದ ಪ್ಯಾಕೇಜುಗಳ ಪಟ್ಟಿಯಾದ ರಿಕ್ವೈರ್‌ಮೆಂಟ್ಸ್ ಫೈಲ್ ಒಂದೇ ಇರುವಾಗ ಎಲ್ಲ ಕಡೆಯೂ ಒಂದೇ ಸಾಮಾನು ಬರಬೇಕಲ್ಲ ಎಂಬುದು ಅವರ ನಂಬಿಕೆ.

ಬರುವುದಿಲ್ಲ. ಪಟ್ಟಿಯಲ್ಲಿ ಆವೃತ್ತಿ ಸಂಖ್ಯೆ ಇಲ್ಲದೆ ಬರೀ 'ನಂಪೈ' ಎಂದು ಪ್ಯಾಕೇಜಿನ ಹೆಸರಿದ್ದರೆ, ಆ ದಿನ ಆ ಯಂತ್ರದ ಪೈಥಾನ್‌ಗೆ ಒಗ್ಗುವ ಅತಿ ಹೊಸ ಆವೃತ್ತಿಯನ್ನು ಪ್ಯಾಕೇಜ್ ಇಳಿಸುವ ಸಾಧನವಾದ ಪಿಪ್ ಆರಿಸುತ್ತದೆ. 2024ರ ಜೂನ್‌ನಲ್ಲಿ ನಂಪೈ 2.0 ಬಂತು. ಅದಕ್ಕೆ ಪೈಥಾನ್ 3.9 ಅಥವಾ ಅದಕ್ಕಿಂತ ಹೊಸದು ಬೇಕು. 3.8 ಇದ್ದ ಹಳೆಯ ಕಂಪ್ಯೂಟರ್‌ಗೆ 1.24 ಇಳಿಯಿತು, ಕೆಲಸ ನಡೆಯಿತು. 3.11 ಇದ್ದ ಹೊಸ ಲ್ಯಾಪ್‌ಟಾಪಿಗೆ 2.0 ಇಳಿಯಿತು, ನಂಪೈ 1ಕ್ಕೆಂದು ಕಂಪೈಲ್ ಆಗಿದ್ದ ಎಷ್ಟೋ ಮಾಡ್ಯೂಲ್‌ಗಳು ಅದರ ಜೊತೆ ಓಡಲಿಲ್ಲ. ಯಂತ್ರ ಹಳೆಯದು ಅಂತ ಬೈಯುವ ಮುಂಚೆ ಇದನ್ನು ನೋಡಬೇಕು.

ಪಿಪ್ ಒಂದೇ ಪ್ಯಾಕೇಜಿನ ಹಲವು ಆವೃತ್ತಿಗಳನ್ನು ಒಂದರ ಹಿಂದೊಂದು ಇಳಿಸುತ್ತ ಕೂತರೆ, ಹಳ್ಳಿಯ ನೆಟ್ ನಿಧಾನ ಎನ್ನುತ್ತಾರೆ. ನೆಟ್ಟಿನ ತಪ್ಪಲ್ಲ ಅದು. 2020ರ ನವೆಂಬರ್‌ನಲ್ಲಿ ಬಂದ ಪಿಪ್ 20.3ರಿಂದ ಅದು ಪ್ಯಾಕೇಜುಗಳು ಪರಸ್ಪರ ಹಾಕುವ ಆವೃತ್ತಿ ಷರತ್ತುಗಳೆಲ್ಲ ಹೊಂದುವ ಜೋಡಣೆಯನ್ನು ಹುಡುಕುತ್ತದೆ. ಹೊಂದದಿದ್ದರೆ ಹಿಂದಿನ ಆವೃತ್ತಿಗೆ ಹೋಗಿ ಮತ್ತೆ ನೋಡುತ್ತದೆ.

ಹಾಗಾದರೆ ಪಿಪ್ ಎಲ್ಲವನ್ನೂ ನೋಡಿಕೊಳ್ಳುತ್ತದೆಯೇ? ಇಲ್ಲ. ಇವತ್ತು ಒಂದು ಪ್ಯಾಕೇಜ್, ನಾಳೆ ಇನ್ನೊಂದು ಎಂದು ಬಿಡಿಬಿಡಿಯಾಗಿ ಹಾಕಿದರೆ, ಮೊದಲೇ ಕೂತಿರುವ ಪ್ಯಾಕೇಜುಗಳ ಷರತ್ತನ್ನು ಅದು ಪೂರ್ತಿ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಕೊನೆಯಲ್ಲಿ ಒಂದು ಎಚ್ಚರಿಕೆ ಮೂಡುತ್ತದೆ, ಅದನ್ನು ಯಾರೂ ಓದುವುದಿಲ್ಲ. ದಯವಿಟ್ಟು ಓದಿ.

ಅಳಿಸಿ ಮತ್ತೆ ಹಾಕಿದರೆ ಸರಿಹೋಗುತ್ತದೆ ಎಂಬುದೂ ಅರೆಸತ್ಯ. ಪಟ್ಟಿ ಬದಲಾಗದಿದ್ದರೆ ಅದೇ ತೊಡಕು ಮತ್ತೆ ಬರುತ್ತದೆ. ಪ್ರತಿ ಪ್ರಾಜೆಕ್ಟಿಗೂ ಬೇರೆ ವೆನ್ವ್ (ಅದರದೇ ಪ್ಯಾಕೇಜುಗಳಿರುವ ಪ್ರತ್ಯೇಕ ಆವರಣ) ಮಾಡಿ, ಎಲ್ಲವನ್ನೂ ಒಂದೇ ಆದೇಶದಲ್ಲಿ ಹಾಕಿ, ಷರತ್ತುಗಳು ಹೊಂದಿವೆಯೇ ಎಂದು ನೋಡಲು 'ಪಿಪ್ ಚೆಕ್' ಓಡಿಸಿ. ಸರಿಯಾಗಿ ಓಡಿದ ದಿನವೇ 'ಪಿಪ್ ಫ್ರೀಜ್' ಕೊಡುವ ಆವೃತ್ತಿ ಸಂಖ್ಯೆಗಳನ್ನು ಫೈಲಿಗೆ ಇಳಿಸಿ, ಪೈಥಾನ್ ಆವೃತ್ತಿಯನ್ನೂ ಪಕ್ಕದಲ್ಲಿ ಬರೆದಿಡಿ. ಗೆಳೆಯರಿಗೆ ಕಳಿಸಬೇಕಾದ್ದು ಆ ಫೈಲನ್ನು. ಜಾವಾಸ್ಕ್ರಿಪ್ಟ್‌ಗೆ ಇಂಥದೇ ಸಾಧನವಾದ ಎನ್‌ಪಿಎಂ ಬಳಸುವವರು, ಆವೃತ್ತಿಗಳನ್ನು ಬರೆದಿಡುವ ಲಾಕ್ ಫೈಲನ್ನು ಅಳಿಸದೆ 'ಎನ್‌ಪಿಎಂ ಸಿಐ' ಎಂದು ಕೊಟ್ಟರೆ, ಅದರಲ್ಲಿರುವ ಆವೃತ್ತಿಗಳೇ ಇಳಿಯುತ್ತವೆ.