ಎಣ್ಣೆ ಬದಲಾವಣೆಯ ಸೂಚಕ ದೀಪವೂ ಅದರ ಲೆಕ್ಕವೂ

ಹಿಂದೆ ಎತ್ತಿನ ಗಾಡಿಗಳಿದ್ದ ಮನೆಗಳ ಮುಂದೆ ಈಗ ಕಾರು, ಜೀಪು, ಟ್ರ್ಯಾಕ್ಟರುಗಳು ನಿಂತಿರುವುದನ್ನು ಕಾಣಬಹುದು. ಎತ್ತಿನ ಗಾಡಿಯ ಅಚ್ಚಿಗೆ ಕೀಲೆಣ್ಣೆ ಹಾಕುವ ಕಾಲವು ಬಂದಿತೆಂಬುದನ್ನು ಅದರ ಕಿರುಗುಟ್ಟುವ ಶಬ್ದವೇ ತಿಳಿಸುತ್ತಿತ್ತು. ಮೋಟಾರು ಎಂಜಿನ್ನಿನಲ್ಲಿಯಾದರೋ ಶಬ್ದವು ಕೇಳಿಬರುವ ವೇಳೆಗೆ ನಷ್ಟವು ಸಂಭವಿಸಿಯೇ ಹೋಗಿರುತ್ತದೆ. ಆದಕಾರಣ ಎಂಜಿನ್ನಿನ ಎಣ್ಣೆಯನ್ನು ಬದಲಾಯಿಸುವ ಕಾಲವನ್ನು ಮುಂಚಿತವಾಗಿ ತಿಳಿಸುವ ಸೂಚಕ ದೀಪವೊಂದನ್ನು ಈಚಿನ ಅನೇಕ ಕಾರುಗಳಲ್ಲಿ ಚಾಲಕನ ಎದುರಿನ ಫಲಕದಲ್ಲಿ ಅಳವಡಿಸಿರುತ್ತಾರೆ.

ಈ ದೀಪದ ವಿಷಯದಲ್ಲಿ ಎರಡು ಬಗೆಯ ತಪ್ಪು ತಿಳುವಳಿಕೆಗಳುಂಟು. ಹೊಸ ಎಣ್ಣೆಯನ್ನು ಹಾಕಿಸಿದ ಮೇಲೂ ದೀಪವು ಆರದಿದ್ದರೆ ಎಂಜಿನ್ನಿನಲ್ಲಿ ದೋಷವಿದೆಯೆಂದು ಕೆಲವರು ಗಾಬರಿಪಡುತ್ತಾರೆ. ದೀಪವನ್ನು ಆರಿಸಿಬಿಟ್ಟರೆ ಕೆಲಸವು ಮುಗಿಯಿತೆಂದು ಮತ್ತೆ ಕೆಲವರು ತಿಳಿಯುತ್ತಾರೆ. ಮೊದಲನೆಯದರಿಂದ ಅನವಶ್ಯಕವಾದ ವೆಚ್ಚವೂ, ಎರಡನೆಯದರಿಂದ ಎಂಜಿನ್ನಿಗೇ ಅಪಾಯವೂ ಉಂಟಾಗುವುದರಿಂದ, ವಾಹನದ ಯಜಮಾನರು ದೀಪದ ಮರ್ಮವನ್ನು ತಾವೇ ತಿಳಿದಿರುವುದು ಮೇಲು.

ಎಣ್ಣೆಯು ಕೆಡುವ ಬಗೆ

ಎಂಜಿನ್ನಿನ ಎಣ್ಣೆಯು ತಿರುಗುವ ಭಾಗಗಳು ಒಂದಕ್ಕೊಂದು ತಾಗಿ ಸವೆಯದಂತೆ ತಡೆಯುತ್ತದೆ, ಶಾಖವನ್ನು ಒಯ್ಯುತ್ತದೆ, ಮಸಿಯನ್ನೂ ಲೋಹದ ಕಣಗಳನ್ನೂ ತನ್ನೊಡನೆ ತಂದು ಫಿಲ್ಟರಿಗೆ ಒಪ್ಪಿಸುತ್ತದೆ, ಒಳಭಾಗವು ತುಕ್ಕು ಹಿಡಿಯದಂತೆ ಕಾಪಾಡುತ್ತದೆ. ಹೆಚ್ಚು ಶಾಖದಿಂದ ಎಣ್ಣೆಯು ಗಾಳಿಯೊಡನೆ ಸೇರಿ ಮಂದವಾಗುತ್ತದೆ. ಅದರಲ್ಲಿ ಬೆರೆಸಿರುವ ರಕ್ಷಕ ದ್ರವ್ಯಗಳು ಕ್ರಮೇಣ ತೀರಿಹೋಗುತ್ತವೆ. ಮನೆಯಿಂದ ಸಂತೆಗೆ, ಸಂತೆಯಿಂದ ಮನೆಗೆ ಎಂಬಂತೆ ಸ್ವಲ್ಪ ದೂರ ಮಾತ್ರವೇ ಓಡಿಸುವ ಗಾಡಿಯಲ್ಲಿ ಎಂಜಿನ್ನು ಪೂರ್ತಿಯಾಗಿ ಕಾಯದೆ, ನೀರಿನ ಅಂಶವೂ ಇಂಧನದ ಅಂಶವೂ ಎಣ್ಣೆಯಲ್ಲಿಯೇ ಉಳಿದುಬಿಡುತ್ತವೆ. ಧೂಳಿನ ರಸ್ತೆ, ಭಾರದ ಎಳೆತ, ನಿಂತಲ್ಲಿಯೇ ಎಂಜಿನ್ನನ್ನು ತಿರುಗಿಸುತ್ತಿರುವುದು, ಇವೂ ಎಣ್ಣೆಯ ಆಯುಸ್ಸನ್ನು ಕುಗ್ಗಿಸುತ್ತವೆ.

ದೀಪವು ಎಣಿಸುವುದೇನು

ಬಹುಪಾಲು ಕಾರುಗಳಲ್ಲಿ ಈ ದೀಪವು ಎಣ್ಣೆಯನ್ನು ಪರೀಕ್ಷಿಸುವುದಿಲ್ಲ. ಲೆಕ್ಕವನ್ನು ಮಾತ್ರ ಇಡುತ್ತದೆ. ಸಾಧಾರಣ ಕ್ರಮದಲ್ಲಿ ಗಾಡಿಯು ಓಡಿದ ದೂರವನ್ನು ಎಣಿಸಿ, ಗೊತ್ತಾದ ಮಿತಿಗೆ ಬಂದೊಡನೆ ದೀಪವು ಹೊತ್ತಿಕೊಳ್ಳುತ್ತದೆ. ಕರ್ನಾಟಕದ ಬಿಡದಿಯಲ್ಲಿಯೂ ಕಾರ್ಖಾನೆಯುಳ್ಳ ಜಪಾನಿನ ಟೊಯೋಟಾ ಸಂಸ್ಥೆಯು ಅಮೆರಿಕದಲ್ಲಿ ಮಾರಿದ ಅನೇಕ ಕಾರುಗಳಲ್ಲಿ 4,500 ಮೈಲಿಗಳಿಗೆ ದೀಪವು ಮಿನುಗಲಾರಂಭಿಸಿ, 5,000 ಮೈಲಿಗಳಿಗೆ, ಅಂದರೆ ಸುಮಾರು 8,000 ಕಿಲೋಮೀಟರಿಗೆ, ಸ್ಥಿರವಾಗಿ ಉರಿಯುತ್ತದೆ.

ಇದಕ್ಕಿಂತ ಸೂಕ್ಷ್ಮವಾದ ಕ್ರಮವನ್ನು ಅಮೆರಿಕದ ಜನರಲ್ ಮೋಟಾರ್ಸ್ ಸಂಸ್ಥೆಯು 1980ರ ದಶಕದ ಕೊನೆಯಲ್ಲಿ ಬಳಕೆಗೆ ತಂದಿತು. ಆ ಸಂಸ್ಥೆಯ ರಸಾಯನ ವಿಜ್ಞಾನಿ ಶರ್ಲಿ ಶ್ವಾರ್ಟ್ಸ್ ಎಂಬಾಕೆಯು ಇದನ್ನು ರೂಪಿಸಿದವರಲ್ಲಿ ಒಬ್ಬರು. ಈ ಕ್ರಮದಲ್ಲಿ ಎಂಜಿನ್ನಿನ ಸುತ್ತುಗಳನ್ನೂ ಶಾಖವನ್ನೂ ಗಣನೆಗೆ ತೆಗೆದುಕೊಂಡು ಎಣ್ಣೆಯ ಉಳಿದ ಆಯುಸ್ಸನ್ನು ಅಂದಾಜು ಮಾಡಲಾಗುತ್ತದೆ. ಹೊಂಡಾ ಸಂಸ್ಥೆಯ ಹಲವು ಕಾರುಗಳಲ್ಲಿ ಈ ಆಯುಸ್ಸನ್ನು ನೂರಕ್ಕೆ ಇಷ್ಟೆಂದು ತೋರಿಸಿ, ಅದು 15ಕ್ಕೆ ಇಳಿದಾಗ ಸ್ಪ್ಯಾನರಿನ ಚಿಹ್ನೆಯನ್ನು ಬೆಳಗಿಸುತ್ತಾರೆ.

ಇಷ್ಟಾದರೂ ಎಣ್ಣೆಯನ್ನು ಬದಲಾಯಿಸಿದ ಸಂಗತಿಯು ಈ ಯಂತ್ರಗಳಿಗೆ ತಾನಾಗಿಯೇ ತಿಳಿಯುವುದಿಲ್ಲ. ಬದಲಾಯಿಸಿದವರು ಲೆಕ್ಕವನ್ನು ಸೊನ್ನೆಗೆ ತಂದು ಹೊಸದಾಗಿ ಆರಂಭಿಸಬೇಕು. ದೀಪವನ್ನು ಲೆಕ್ಕದ ಪುಸ್ತಕವೆಂದು ಭಾವಿಸಿದರೆ ವಿಷಯವು ಸ್ಪಷ್ಟವಾಗುತ್ತದೆ. ಎಣ್ಣೆಯನ್ನು ಬದಲಾಯಿಸದೆ ದೀಪವನ್ನು ಆರಿಸುವುದು, ಹಣವು ಬಾರದೆಯೇ ಸಂದಾಯವೆಂದು ಬರೆದುಕೊಂಡಂತೆ. ಎಣ್ಣೆಯನ್ನು ಬದಲಾಯಿಸಿಯೂ ದೀಪವನ್ನು ಹಾಗೆಯೇ ಬಿಡುವುದು, ಸಂದಾಯವಾದ ಕಂದಾಯವನ್ನು ಬಾಕಿಯೆಂದು ಉಳಿಸಿದಂತೆ.

ಒಂದು ಉದಾಹರಣೆಯನ್ನು ನೋಡಬಹುದು. 8,000 ಕಿಲೋಮೀಟರಿಗೊಮ್ಮೆ ಎಣ್ಣೆ ಬದಲಾಯಿಸಬೇಕಾದ ಕಾರಿಗೆ, ಸುಗ್ಗಿಯ ಕೆಲಸಕ್ಕೆ ಮುಂಚೆಯೇ ಆಗಲೆಂದು 6,500ಕ್ಕೆ ಹೊಸ ಎಣ್ಣೆಯನ್ನು ಹಾಕಿಸಿ ಲೆಕ್ಕವನ್ನು ತಿದ್ದದಿದ್ದರೆ, ಮತ್ತೆ 1,500 ಕಿಲೋಮೀಟರು ಓಡಿದೊಡನೆ ದೀಪವು ಹೊತ್ತಿಕೊಳ್ಳುತ್ತದೆ. ಅದನ್ನು ನಂಬಿದ ಯಜಮಾನರು ಒಳ್ಳೆಯ ಎಣ್ಣೆಯನ್ನೇ ಚೆಲ್ಲಿಸುತ್ತಾರೆ. ಇದಕ್ಕೆ ವಿಪರೀತವಾಗಿ, 8,000ಕ್ಕೆ ಹೊತ್ತಿದ ದೀಪವನ್ನು ಎಣ್ಣೆ ಬದಲಾಯಿಸದೆ ಆರಿಸಿದರೆ, 16,000 ಆಗುವವರೆಗೂ ಅದು ಮಾತನಾಡುವುದಿಲ್ಲ. ಅಷ್ಟು ಕಾಲ ಕೆಟ್ಟ ಎಣ್ಣೆಯಲ್ಲಿ ತಿರುಗಿದ ಎಂಜಿನ್ನಿನ ಬೇರಿಂಗುಗಳನ್ನು ಬದಲಾಯಿಸುವ ವೆಚ್ಚದ ಮುಂದೆ ಎಣ್ಣೆಯ ಬೆಲೆಯು ಅತ್ಯಲ್ಪವಾದುದು.

ಲೆಕ್ಕವನ್ನು ಸೊನ್ನೆಗೆ ತರುವ ಕ್ರಮ

ಕ್ರಮವು ಮಾದರಿಯಿಂದ ಮಾದರಿಗೆ ಬೇರೆಯಾಗಿರುವುದರಿಂದ ಗಾಡಿಯೊಡನೆ ಬಂದ ಕೈಪಿಡಿಯನ್ನು ಮೊದಲು ನೋಡತಕ್ಕದ್ದು. ಸಾಮಾನ್ಯವಾಗಿ ಕಂಡುಬರುವ ಕ್ರಮಗಳು ಇವು:

1. ಮೇಲೆ ಹೇಳಿದ ಟೊಯೋಟಾ ಕಾರುಗಳಲ್ಲಿ ಅನೇಕಕ್ಕೆ: ಕೀಲಿಯನ್ನು ತಿರುಗಿಸಿ, ಎಂಜಿನ್ನನ್ನು ಚಾಲೂ ಮಾಡದೆ, ಫಲಕದಲ್ಲಿ ಗಾಡಿಯು ಓಡಿದ ದೂರದ ಅಂಕಿಯು ಕಾಣುವಂತೆ ಮಾಡಬೇಕು. ಕೀಲಿಯನ್ನು ಹಿಂದಕ್ಕೆ ತಿರುಗಿಸಿ ನಿಲ್ಲಿಸಬೇಕು. ಅನಂತರ ಫಲಕದ ಗುಂಡಿಯನ್ನು ಒತ್ತಿ ಹಿಡಿದುಕೊಂಡೇ ಕೀಲಿಯನ್ನು ಮತ್ತೆ ತಿರುಗಿಸಬೇಕು. ಸೊನ್ನೆಗಳು ಕಂಡು ದೀಪವು ಆರುವವರೆಗೂ ಗುಂಡಿಯನ್ನು ಬಿಡಕೂಡದು.

2. ಹೊಂಡಾದ ಹಲವು ಕಾರುಗಳಿಗೆ: ಕೀಲಿಯನ್ನು ತಿರುಗಿಸಿ, ಎಣ್ಣೆಯ ಆಯುಸ್ಸಿನ ಅಂಕಿಯು ಕಾಣುವವರೆಗೆ ಗುಂಡಿಯನ್ನು ಒತ್ತಬೇಕು. ಬಳಿಕ ಸುಮಾರು 10 ಸೆಕೆಂಡುಗಳ ಕಾಲ ಒತ್ತಿ ಹಿಡಿದರೆ ಅಂಕಿಯು ಮಿನುಗುತ್ತದೆ. ಮತ್ತೊಮ್ಮೆ ಒತ್ತಿ ಹಿಡಿದರೆ ಅದು 100ಕ್ಕೆ ಮರಳುತ್ತದೆ.

3. ಕೆಲವು ಕಾರುಗಳಲ್ಲಿ ಪರದೆಯ ಮೇಲಿನ ಪಟ್ಟಿಯಿಂದ ಆರಿಸಿಕೊಳ್ಳಬೇಕು. ಮತ್ತೆ ಕೆಲವಕ್ಕೆ ಕಾರ್ಖಾನೆಯ ಪರೀಕ್ಷಾ ಉಪಕರಣವೇ ಬೇಕಾಗುತ್ತದೆ.

ಬ್ಯಾಟರಿಯ ತಂತಿಯನ್ನು ಕಿತ್ತು ದೀಪವನ್ನು ಆರಿಸುವ ಪ್ರಯತ್ನವು ತಕ್ಕುದಲ್ಲ. ಲೆಕ್ಕವು ಬಹುಮಟ್ಟಿಗೆ ಯಂತ್ರದ ನೆನಪಿನಲ್ಲಿಯೇ ಉಳಿಯುತ್ತದೆ. ಬೇರೆ ಏರ್ಪಾಟುಗಳು ಕೆಡುವ ಸಂಭವವೂ ಉಂಟು.

ಕೆಂಪು ದೀಪವು ಬೇರೆ

ಎಣ್ಣೆಯ ಗಿಂಡಿಯ ಆಕಾರದ ಕೆಂಪು ದೀಪವನ್ನು ಮೇಲೆ ಹೇಳಿದ ದೀಪವೆಂದು ಎಣಿಸಕೂಡದು. ಅದು ಎಣ್ಣೆಯ ಒತ್ತಡವು ಕುಗ್ಗಿದುದನ್ನು ತಿಳಿಸುತ್ತದೆ. ಯಾವ ಗುಂಡಿಯಿಂದಲೂ ಅದನ್ನು ತಿದ್ದಲಾಗದು. ಓಡುತ್ತಿರುವಾಗ ಅದು ಹೊತ್ತಿದರೆ ಗಾಡಿಯನ್ನು ಪಕ್ಕಕ್ಕೆ ತಂದು ಒಡನೆಯೇ ಎಂಜಿನ್ನನ್ನು ನಿಲ್ಲಿಸತಕ್ಕದ್ದು. ಕೆಲವು ನಿಮಿಷಗಳ ಬಳಿಕ, ಸಮನಾದ ನೆಲದ ಮೇಲೆ, ಡಿಪ್‌ಸ್ಟಿಕ್ಕೆಂಬ ಅಳತೆಯ ಕಡ್ಡಿಯಿಂದ ಎಣ್ಣೆಯ ಮಟ್ಟವನ್ನು ನೋಡಬೇಕು. ಎಣ್ಣೆಯು ತುಂಬಿದ್ದರೂ ದೀಪವು ಮತ್ತೆ ಹೊತ್ತಿದರೆ ಗಾಡಿಯನ್ನು ಓಡಿಸದೆ ಎಳೆಸಿಕೊಂಡು ಹೋಗುವುದೇ ಕ್ಷೇಮ.

ಟ್ರ್ಯಾಕ್ಟರಿನ ಗಂಟೆಗಳು

ಟ್ರ್ಯಾಕ್ಟರಿನಲ್ಲಿ ಲೆಕ್ಕವು ದೂರದಿಂದಲ್ಲ, ಗಂಟೆಗಳಿಂದ. ಅನೇಕ ಟ್ರ್ಯಾಕ್ಟರುಗಳಿಗೆ ಹೊಸದರಲ್ಲಿ 50 ಗಂಟೆಗಳಿಗೂ, ಅನಂತರ 250 ಗಂಟೆಗಳಿಗೊಮ್ಮೆಯೂ ಎಣ್ಣೆ ಬದಲಾಯಿಸಬೇಕೆಂದು ನಿಯಮವಿರುತ್ತದೆ. ತಮ್ಮ ಯಂತ್ರದ ಕೈಪಿಡಿಯು ಹೇಳುವುದೇ ಪ್ರಮಾಣ. ಹಳೆಯ ಯಾಂತ್ರಿಕ ಮೀಟರುಗಳು ಗಡಿಯಾರದ ಗಂಟೆಯನ್ನು ತೋರಿಸುವುದಿಲ್ಲ. ಎಂಜಿನ್ನಿನ ಸುತ್ತುಗಳನ್ನು ಎಣಿಸುವುದರಿಂದ, ಅರ್ಧ ವೇಗದಲ್ಲಿ ಒಂದು ಗಂಟೆ ತಿರುಗಿದರೆ ಅರ್ಧ ಗಂಟೆಯನ್ನೇ ತೋರಿಸುತ್ತವೆ. ಈ ಮೀಟರನ್ನು ಸೊನ್ನೆಗೆ ತರುವ ಕ್ರಮವಿಲ್ಲ. 1,210 ಗಂಟೆಗೆ ಎಣ್ಣೆ ಬದಲಾದರೆ, 1,460ಕ್ಕೆ ಮತ್ತೆ ಬದಲಾಯಿಸಬೇಕೆಂದು ಬರೆದಿಡುವುದೇ ಉಪಾಯ.

ಯಜಮಾನರು ಗಮನಿಸತಕ್ಕ ಸಂಗತಿಗಳು

ಎಣ್ಣೆಯು ನಿಜವಾಗಿಯೂ ಬದಲಾಯಿತೇ ಎಂಬುದನ್ನು ದೀಪದಿಂದ ನಿರ್ಧರಿಸಬಾರದು. ಪೆಟ್ರೋಲ್ ಎಂಜಿನ್ನಿನಲ್ಲಿ ಹೊಸ ಎಣ್ಣೆಯು ಜೇನಿನ ಬಣ್ಣದಲ್ಲಿ ತಿಳಿಯಾಗಿರುತ್ತದೆ. ಡೀಸೆಲ್ ಎಂಜಿನ್ನಿನಲ್ಲಿ ಅದು ಬಹುಬೇಗ ಕಪ್ಪಾಗುವುದರಿಂದ ಬಣ್ಣವನ್ನು ಸಾಕ್ಷಿಯಾಗಿ ತೆಗೆದುಕೊಳ್ಳಲಾಗದು. ತೆಗೆದ ಫಿಲ್ಟರನ್ನು ತೋರಿಸುವಂತೆ ಕೇಳುವುದೂ, ಎಣ್ಣೆಯ ದರ್ಜೆ ಮತ್ತು ಲೀಟರುಗಳನ್ನು ಬಿಲ್ಲಿನಲ್ಲಿ ಬರೆಯಿಸುವುದೂ ಒಳ್ಳೆಯ ಪದ್ಧತಿ. ಗಾಡಿಯು ಹೆಚ್ಚಾಗಿ ಓಡದಿದ್ದರೂ ಕೈಪಿಡಿಯಲ್ಲಿ ಹೇಳಿರುವ ತಿಂಗಳುಗಳ ಅವಧಿಯು ಕಳೆದೊಡನೆ ಎಣ್ಣೆಯನ್ನು ಬದಲಾಯಿಸಬೇಕು.

ತೆಗೆದ ಹಳೆಯ ಎಣ್ಣೆಯನ್ನು ಹೊಲದ ಬದುವಿಗಾಗಲಿ, ಕಾಲುವೆಗಾಗಲಿ, ಬಾವಿಯ ಬಳಿಯಾಗಲಿ ಚೆಲ್ಲಕೂಡದು. ಅದು ಮಣ್ಣನ್ನೂ ಕುಡಿಯುವ ನೀರನ್ನೂ ಕೆಡಿಸುತ್ತದೆ. ಮೈಗೆ ಪದೇ ಪದೇ ತಾಗಿದರೆ ಚರ್ಮಕ್ಕೂ ಹಾನಿಕರ. 2016ರ ಕೇಂದ್ರ ನಿಯಮಗಳು ಇದನ್ನು ಅಪಾಯಕರ ತ್ಯಾಜ್ಯವೆಂದು ಪರಿಗಣಿಸಿವೆ. ಮುಚ್ಚಳವುಳ್ಳ ಡಬ್ಬಿಯಲ್ಲಿ ಶೇಖರಿಸಿ, ಪರವಾನಗಿಯುಳ್ಳ ಶುದ್ಧೀಕರಣದವರಿಗೆ ತಲುಪಿಸುವ ಗ್ಯಾರೇಜಿಗೆ ಒಪ್ಪಿಸತಕ್ಕದ್ದು.

ಕಡೆಯದಾಗಿ, ಪ್ರತಿಯೊಂದು ವಾಹನಕ್ಕೂ ಒಂದು ಚಿಕ್ಕ ಪುಸ್ತಕವನ್ನು ಇಡುವುದು ಉತ್ತಮ. ತಾರೀಖು, ಆ ದಿನದ ಕಿಲೋಮೀಟರು ಅಥವಾ ಗಂಟೆ, ಹಾಕಿದ ಎಣ್ಣೆ, ಹೊಸ ಫಿಲ್ಟರು, ದೀಪವನ್ನು ಸೊನ್ನೆಗೆ ತಂದುದು, ಮುಂದಿನ ಬದಲಾವಣೆಯ ಅಂಕಿ, ಇಷ್ಟನ್ನು ಒಂದೇ ಸಾಲಿನಲ್ಲಿ ಬರೆಯಬಹುದು. ಚಾಲಕನು ಬದಲಾದರೂ, ಗ್ಯಾರೇಜು ಬದಲಾದರೂ ಈ ಸಾಲು ಉಳಿಯುತ್ತದೆ. ದೀಪದ ಲೆಕ್ಕವೂ ಪುಸ್ತಕದ ಲೆಕ್ಕವೂ ಒಂದಕ್ಕೊಂದು ತಾಳೆಯಾಗುತ್ತಿರುವವರೆಗೆ ಯಜಮಾನರು ಎರಡನ್ನೂ ನಂಬಬಹುದು. ತಾಳೆಯಾಗದ ದಿನ ಪುಸ್ತಕವನ್ನೇ ನಂಬಿ, ಎಂಜಿನ್ನಿನ ಮುಚ್ಚಳವನ್ನು ತೆರೆದು ಎಣ್ಣೆಯನ್ನು ನೋಡಬೇಕು.