ಕೆಂದಲೆಯ ಮುಳುಗುಬಾತು: ಹೊಡೆಯುವ ಮುನ್ನ ತಿಳಿಯಬೇಕಾದದ್ದು



ಹಿಂಗಾರಿ ಜೋಳ ಮೊಣಕಾಲೆತ್ತರ ಬರುವ ಹೊತ್ತಿಗೆ ಔರಾದ ಶಹಾಜನಿ ಸುತ್ತಿನ ತೇರ್ಣಾ, ಮಾಂಜ್ರಾ ನದಿಗಳ ಬಂಧಾರಗಳಲ್ಲೂ ಊರ ಕೆರೆಗಳಲ್ಲೂ ನೀರು ನಿಂತಿರುತ್ತದೆ. ಅದೇ ಸಮಯಕ್ಕೆ ಬಾತುಗಳ ಹಿಂಡು ಬಂದಿಳಿಯುತ್ತದೆ. "ನಮ್ಮ ಹೊಲದ ಪಕ್ಕದ ಕೆರೆ. ಕ್ರಿಸ್ಮಸ್ ಊಟಕ್ಕೆ ಒಂದೆರಡು ಹೊಡೆದರೆ ತಪ್ಪೇನು? ಅಜ್ಜನ ಕಾಲದಲ್ಲಿ ಹೊಡೆಯುತ್ತಿರಲಿಲ್ಲವೇ?" ಎಂದು ಕೇಳುವವರಿದ್ದಾರೆ. ಅವರಿಗಾಗಿ ಈ ಬಾತುಗಳಲ್ಲಿ ಒಂದರ ವಿಷಯವನ್ನು ಇಲ್ಲಿ ತಿಳಿಸುತ್ತೇವೆ.

ಹಕ್ಕಿಯ ಪರಿಚಯ

ಇಂಗ್ಲಿಷಿನಲ್ಲಿ ಕಾಮನ್ ಪೋಚಾರ್ಡ್, ಮರಾಠಿಯಲ್ಲಿ ಲಾಲಸರಿ ಎನ್ನುವ ಈ ಬಾತಿನ ಗಂಡಿಗೆ ಇಟ್ಟಿಗೆಗೆಂಪು ತಲೆ, ಕೆಂಪು ಕಣ್ಣು, ಕಪ್ಪು ಎದೆ, ಬೂದು ಬೆನ್ನು. ಹೆಣ್ಣು ಮಾಸಲು ಕಂದು. ತೂಕ ಸುಮಾರು ಒಂದು ಕಿಲೋ. ಯುರೋಪಿನಿಂದ ಸೈಬೀರಿಯಾದ ಬೈಕಲ್ ಸರೋವರದ ಸೀಮೆಯವರೆಗೆ ಬೇಸಿಗೆಯಲ್ಲಿ ಜೊಂಡಿನ ನಡುವೆ ಗೂಡು ಕಟ್ಟಿ, ಎಂಟು ಹತ್ತು ಮೊಟ್ಟೆಯಿಟ್ಟು ಸುಮಾರು 25 ದಿನ ಕಾವು ಕೊಡುತ್ತದೆ. ಅಲ್ಲಿ ನೀರು ಹೆಪ್ಪುಗಟ್ಟುವ ಮುನ್ನ ಹೊರಟು, ಅಕ್ಟೋಬರ್ ನಂತರ ನಮ್ಮ ದೇಶಕ್ಕೆ ಬಂದು ಬೇಸಿಗೆಗೆ ಮುಂಚೆ ಮರಳುತ್ತದೆ.

ಕೆಲವು ಬಾತುಗಳು ನೀರ ಮೇಲೆ ತೇಲುತ್ತ ತಲೆಯನ್ನಷ್ಟೇ ಅದ್ದಿ ಮೇಯುತ್ತವೆ. ರಾತ್ರಿ ಗದ್ದೆಗಿಳಿದು ಕಾಳು ತಿನ್ನುವುದೂ ಉಂಟು. ಲಾಲಸರಿ ಹಾಗಲ್ಲ. ಅದರ ಕಾಲು ದೇಹದ ಹಿಂಭಾಗದಲ್ಲಿರುವುದರಿಂದ ನೆಲದ ಮೇಲೆ ನಡಿಗೆ ಕಷ್ಟ, ಮುಳುಗುವುದು ಸುಲಭ. ಒಂದೆರಡು ಮೀಟರ್ ಆಳಕ್ಕೆ ಮುಳುಗಿ ಕೆಸರಿನಲ್ಲಿರುವ ನೀರುಗಿಡದ ಬೇರು, ಗೆಡ್ಡೆ, ಬೀಜ, ಬಸವನಹುಳು, ಕೀಟದ ಮರಿಗಳನ್ನು ತಿನ್ನುತ್ತದೆ. ಹಗಲಿನಲ್ಲಿ ನಡುನೀರಿನಲ್ಲಿ ನಿದ್ದೆ, ಹೆಚ್ಚಾಗಿ ಇರುಳಿನಲ್ಲಿ ಮೇವು. ಹಾಗಾಗಿ ನಿಮ್ಮ ಜೋಳಕ್ಕೂ ಕಡಲೆಗೂ ಇದರಿಂದ ನಷ್ಟವಿಲ್ಲ.

ಕಾನೂನು ಏನು ಹೇಳುತ್ತದೆ?

ಒಂದು ಕಾಲದಲ್ಲಿ ಬಾತುಬೇಟೆ ದೊಡ್ಡವರ ಆಟವಾಗಿತ್ತು. 1938ರ ನವೆಂಬರ್ 12ರಂದು ಭರತಪುರದಲ್ಲಿ ವೈಸರಾಯ್ ಲಿನ್ಲಿತ್‌ಗೋ ಅವರ ತಂಡ ಒಂದೇ ದಿನ 4,273 ಹಕ್ಕಿಗಳನ್ನು ಹೊಡೆಯಿತು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂದಾಗ ಬಾತುಗಳನ್ನು ನಾಲ್ಕನೆಯ ಪಟ್ಟಿಗೆ ಸೇರಿಸಿ, ಪರವಾನಗಿ ಪಡೆದು ಹೊಡೆಯಲು ಅವಕಾಶ ಇಟ್ಟಿದ್ದರು. 1991ರ ತಿದ್ದುಪಡಿಯಿಂದ ಆ ಪರವಾನಗಿಯೂ ನಿಂತಿತು. ಅಜ್ಜನ ಕಾಲದ ಮಾತು ಅಲ್ಲಿಗೆ ಮುಗಿಯಿತು.

2022ರ ತಿದ್ದುಪಡಿ 2023ರ ಏಪ್ರಿಲ್ 1ರಿಂದ ಜಾರಿಗೆ ಬಂದು ಪಟ್ಟಿಗಳು ಬದಲಾಗಿವೆ, ನಿಷೇಧ ಬದಲಾಗಿಲ್ಲ. ಸಾಮಾನ್ಯ ಅಪರಾಧಕ್ಕೆ 3 ವರ್ಷದವರೆಗೆ ಸೆರೆ, ಅಥವಾ 1 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ಮೊದಲನೆಯ ಪಟ್ಟಿಯ ಪ್ರಾಣಿಪಕ್ಷಿಯಾದರೆ 3ರಿಂದ 7 ವರ್ಷ ಸೆರೆ, 25,000 ರೂಪಾಯಿಗೆ ಕಡಿಮೆಯಿಲ್ಲದ ದಂಡ. ಬಂದೂಕು, ಬಲೆ, ಮೋಟರ್‌ಸೈಕಲ್ ಕೂಡ ಜಪ್ತಿಯಾಗಬಹುದು.

ಬಂದೂಕಿನಿಂದ ಕೊಂದರೆ ಮಾತ್ರ ಬೇಟೆಯೆಂದು ತಿಳಿಯಬೇಡಿ. ಬಲೆ ಹಾಕುವುದು, ಉರುಳು ಒಡ್ಡುವುದು, ವಿಷದ ಕಾಳು ಎರಚುವುದು, ಗೂಡು ಮೊಟ್ಟೆ ಕೆಡಿಸುವುದು ಎಲ್ಲವೂ ಕಾಯಿದೆಯ ಪ್ರಕಾರ ಬೇಟೆಯೇ. ಬೇರೆಯವರು ಹೊಡೆದ ಮಾಂಸ ಕೊಂಡು ಮನೆಯಲ್ಲಿಟ್ಟರೂ ಅಪರಾಧ. ಸ್ವಂತ ಹೊಲವೆಂಬ ವಿನಾಯಿತಿ ಇಲ್ಲ. ಗಡಿ ದಾಟಿ ಬೀದರ ಜಿಲ್ಲೆಗೆ ಹೋದರೂ ಇದೇ ಕಾನೂನು. ಹಂದಿ, ನೀಲಗಾಯಿ ಬೆಳೆ ಹಾಳು ಮಾಡಿದರೂ ನಾವೇ ಕೈ ಎತ್ತುವಂತಿಲ್ಲ. ಅರಣ್ಯ ಇಲಾಖೆಗೆ ಅರ್ಜಿ ಕೊಟ್ಟು ಪರಿಹಾರ ಕೇಳಬೇಕು.

ಇಷ್ಟು ಬಿಗಿ ಏಕೆಂದರೆ ಹಕ್ಕಿ ಕಡಿಮೆಯಾಗುತ್ತಿದೆ. ಕೆರೆಯಲ್ಲಿ ನೂರಾರು ಕಂಡರೂ ಅವು ದೊಡ್ಡ ಸೀಮೆಯಿಂದ ಒಂದೆಡೆ ಕೂಡಿದವು. 2015ರಲ್ಲಿ ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟ ಇದನ್ನು ಅಪಾಯಕ್ಕೆ ಸಿಲುಕಬಹುದಾದ ಜೀವಿಗಳ ಪಟ್ಟಿಗೆ ಸೇರಿಸಿತು.

ಆರೋಗ್ಯದ ಮಾತು

ಕಾನೂನಿಗೆ ಹೆದರದವರು ಮಕ್ಕಳ ತಟ್ಟೆಯನ್ನಾದರೂ ನೋಡಬೇಕು. ಬೇಟೆಯ ಛರ್ರಾ ಗುಂಡು ಸೀಸದ್ದು. ಅದರ ಚೂರು ಮಾಂಸದಲ್ಲಿ ಉಳಿಯುತ್ತದೆ, ಬೇಯಿಸಿದರೆ ಹೋಗುವುದಿಲ್ಲ. ಸೀಸ ಬೆಳೆಯುವ ಮಕ್ಕಳ ಮೆದುಳಿಗೆ ಕೇಡು. ಇಷ್ಟೇ ಸುರಕ್ಷಿತ ಎನ್ನುವ ಪ್ರಮಾಣವೇ ಇಲ್ಲ. ಕೆರೆಯ ತಳದಲ್ಲಿ ಬಿದ್ದ ಛರ್ರಾವನ್ನು ಮುಳುಗುಬಾತು ಹರಳುಕಲ್ಲೆಂದು ನುಂಗಿ ತಾನೂ ವಿಷವೇರಿ ಸಾಯುತ್ತದೆ. ವಿಷದ ಕಾಳು ತಿಂದು ಸತ್ತ ಹಕ್ಕಿಯಲ್ಲಂತೂ ಕೀಟನಾಶಕ ಇದ್ದೇ ಇರುತ್ತದೆ. ಅದನ್ನು ತಿಂದ ನಾಯಿ, ಹದ್ದು, ಮನುಷ್ಯ ಯಾರಿಗೂ ಸುರಕ್ಷಿತವಲ್ಲ.

ಹಕ್ಕಿಜ್ವರವನ್ನೂ ಮರೆಯಬಾರದು. 2025ರ ಜನವರಿಯಲ್ಲಿ ಉದಗೀರದಲ್ಲಿ ಕಾಗೆಗಳು ಸತ್ತು ಬಿದ್ದಾಗ ಭೋಪಾಲದ ಪ್ರಯೋಗಾಲಯದಲ್ಲಿ ಈ ರೋಗ ದೃಢಪಟ್ಟಿತು. ನೀರಹಕ್ಕಿಗಳು ಹೊರಗೆ ರೋಗ ತೋರದೆಯೂ ವೈರಾಣುವನ್ನು ಹೊತ್ತಿರಬಹುದು. ಹೊಡೆದ ಹಕ್ಕಿಯ ಪುಕ್ಕ ಕೀಳುವ, ಕರುಳು ತೆಗೆಯುವ ಮನೆಯ ಹೆಣ್ಣುಮಕ್ಕಳಿಗೇ ಇದರಿಂದ ಮೊದಲ ಅಪಾಯ.

ನಾವು ಮಾಡಬೇಕಾದದ್ದು

1. ಸತ್ತ ಹಕ್ಕಿಯನ್ನು ಬರಿಗೈಯಲ್ಲಿ ಮುಟ್ಟಬೇಡಿ. ಮಕ್ಕಳು, ನಾಯಿ, ಕೋಳಿಗಳನ್ನು ದೂರವಿಡಿ. ಪಶುವೈದ್ಯರಿಗೆ ಕೂಡಲೇ ತಿಳಿಸಿ.

2. ಸಾಕಿದ ಕೋಳಿ, ಬಾತುಗಳನ್ನು ಕಾಡುಬಾತು ಇಳಿಯುವ ನೀರಿಗೆ ಬಿಡಬೇಡಿ.

3. ಔಷಧ ಹೊಡೆದ ಪಂಪನ್ನು ಕೆರೆಯಲ್ಲಿ ತೊಳೆಯಬೇಡಿ. ಔಷಧ ಲೇಪಿಸಿದ ಬಿತ್ತನೆ ಬೀಜ ದಂಡೆಯಲ್ಲಿ ಚೆಲ್ಲದಂತೆ ನೋಡಿಕೊಳ್ಳಿ.

4. ಬಲೆ, ವಿಷ, ಬಂದೂಕು ಕಂಡರೆ ಮಹಾರಾಷ್ಟ್ರ ಅರಣ್ಯ ಇಲಾಖೆಯ 1926 ಸಂಖ್ಯೆಗೆ ಕರೆ ಮಾಡಿ. ನೀವೇ ಜಗಳಕ್ಕೆ ಹೋಗಬೇಡಿ.

ಕ್ರಿಸ್ಮಸ್ ಊಟಕ್ಕೆ ಹಿತ್ತಲ ಕೋಳಿ ಸಾಕು. ಒಂದು ಕಿಲೋ ಮಾಂಸದ ಆಸೆಗೆ ಮನೆಯ ಹುಡುಗ ನ್ಯಾಯಾಲಯಕ್ಕೆ ಅಲೆಯುವುದು, ಅವನನ್ನು ಬಿಡಿಸಲು ತೊಗರಿಯ ದುಡ್ಡು ವಕೀಲರಿಗೆ ಹೋಗುವುದು ಯಾವ ರೈತನಿಗೂ ಬೇಡ. ಇಂದು ಸಂಜೆ ಮಕ್ಕಳನ್ನು ಬಂಧಾರದ ದಂಡೆಗೆ ಕರೆದೊಯ್ಯಿರಿ. ಕೆಂದಲೆ ಮುಳುಗಿದಾಗ ಎಣಿಸಲು ಹೇಳಿ: ಎಷ್ಟು ಎಣಿಸುವಷ್ಟರಲ್ಲಿ ಅದು ಮೇಲೆ ಬರುತ್ತದೆ?